ಹಡಗಿನಿಂದ ಇಳಿದವರು ಯಾವ ಮಾಯಾ ನಗರ ನೋಡಬೇಕು?

ಮೆಕ್ಸಿಕೊದ ಪೂರ್ವ ತೀರದಲ್ಲಿರುವ ಕೊಜುಮೆಲ್ ದ್ವೀಪಕ್ಕೆ ಪ್ರವಾಸಿ ಹಡಗುಗಳು ಸಾಮಾನ್ಯವಾಗಿ ಬೆಳಗ್ಗೆ ಬಂದು ಸಂಜೆ ಹೊರಟುಬಿಡುತ್ತವೆ. ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋದ ನಮ್ಮ ಕಡೆಯ ಹಿರಿಯರೂ ಕೆಲವೊಮ್ಮೆ ಈ ಹಡಗು ಹತ್ತುವುದುಂಟು. ನೆಲದ ಮೇಲೆ ಸಿಗುವುದು ಏಳೆಂಟು ಗಂಟೆ. ಅಷ್ಟರಲ್ಲಿ ಮಾಯಾ ಜನರ ಹಳೆಯ ನಗರವೊಂದನ್ನು ನೋಡಬೇಕೆಂದರೆ ನಾವು ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ: ಚಿಚೆನ್ ಇಟ್ಜಾ, ತುಲುಮ್, ಇಲ್ಲವೇ ದ್ವೀಪದೊಳಗೇ ಇರುವ ಸಾನ್ ಹೆರ್ವಾಸಿಯೊ.

ಹೆಚ್ಚಿನವರ ಮನಸ್ಸು ಓಡುವುದು ಚಿಚೆನ್ ಇಟ್ಜಾದ ಕಡೆಗೆ. ಅಲ್ಲಿನ ಪಿರಮಿಡ್ಡಿನ ಚಿತ್ರವನ್ನು ಕಾಣದವರಿಲ್ಲ. ನಾಲ್ಕು ಬದಿಗೆ ತಲಾ 91 ಮೆಟ್ಟಿಲು, ನೆತ್ತಿಯ ಜಗಲಿಯೊಂದು ಸೇರಿ 365. ವರ್ಷದ ಲೆಕ್ಕವನ್ನು ಕಲ್ಲಿನಲ್ಲಿ ಕಟ್ಟಿದ ಜನ ಅವರು. ಆದರೆ ಅಲ್ಲಿಗೆ ಹೋಗಲು ಮುಕ್ಕಾಲು ಗಂಟೆ ದೋಣಿ, ಎರಡು ಗಂಟೆಗೂ ಮಿಕ್ಕಿ ಬಸ್ಸು. ಮರಳುವಾಗಲೂ ಅಷ್ಟೇ. ಉಳಿದ ಸಮಯದಲ್ಲಿ ಉರಿಬಿಸಿಲಿನಲ್ಲಿ ನಿಂತು ಒಂದು ಫೋಟೊ ತೆಗೆಸಿಕೊಳ್ಳಬಹುದು. ಸ್ವಂತ ಏರ್ಪಾಟಿನಲ್ಲಿ ಹೋಗಿ ತಡಮಾಡಿದವರಿಗೆ ಹಡಗು ಕಾಯುವುದಿಲ್ಲ ಎಂಬ ಅಳುಕು ಬೇರೆ. ಇಷ್ಟೊಂದು ದೊಡ್ಡ ನಗರಕ್ಕೆ ಹೀಗೆ ಓಡೋಡಿ ಹೋಗಿಬರುವುದರಲ್ಲಿ ಅರ್ಥವಿಲ್ಲವೆಂದೇ ನಮ್ಮ ಅಭಿಪ್ರಾಯ.

ಇನ್ನೊಂದು ಕಾರಣವೂ ಇದೆ. ಸ್ಪೇನಿನವರು ಈ ನಾಡಿಗೆ ಬರುವ ಹೊತ್ತಿಗೆ ಚಿಚೆನ್ ಇಟ್ಜಾದ ವೈಭವ ಮುಗಿದು ಶತಮಾನಗಳೇ ಕಳೆದಿದ್ದವು. ಆಗ ಜೀವಂತವಾಗಿದ್ದವು ಕರಾವಳಿಯ ಊರುಗಳು. ಅವರೂ ನಮ್ಮಂತೆ ಹಡಗಿನಲ್ಲೇ ಬಂದವರು. 1517ರಲ್ಲಿ ಯುಕತಾನ್ ತೀರದ ಊರೊಂದನ್ನು ದೂರದಿಂದ ಕಂಡು ಅದನ್ನು 'ಮಹಾ ಕೈರೋ' ಎಂದು ಕರೆದರೆಂದು ಆ ತಂಡದಲ್ಲಿದ್ದ ಬೆರ್ನಾಲ್ ದಿಯಾಸ್ ಬರೆದಿಟ್ಟಿದ್ದಾನೆ. ಮುಂದೆ ಹೆರ್ನಾನ್ ಕಾರ್ಟೆಸ್ ತನ್ನ ರಾಜನಿಗೆ ಬರೆದ ಪತ್ರಗಳಲ್ಲಿ ಅಜ್ಟೆಕ್ ಜನರ ಗುಡಿಗಳನ್ನು ಮಸೀದಿಗಳೆಂದೇ ಕರೆದ. ಸ್ಪೇನಿನ ಕೊನೆಯ ಮುಸ್ಲಿಮ್ ರಾಜ್ಯ ಗ್ರನಾಡಾ 1492ರಲ್ಲಷ್ಟೇ ಬಿದ್ದಿತ್ತು. ಪರರೆಂದರೆ ಮುಸ್ಲಿಮರು ಎಂಬ ಒಂದೇ ಅಳತೆಗೋಲು ಅವರ ಕೈಯಲ್ಲಿತ್ತು. ಮಾಯಾ ಜನರು ಯಾರೆಂದು ತಿಳಿಯುವ ಮೊದಲೇ ಅವರಿಗೆ ಶತ್ರುವಿನ ವೇಷ ತೊಡಿಸಿಯಾಗಿತ್ತು.

1518ರಲ್ಲಿ ಹುವಾನ್ ದೆ ಗ್ರಿಹಾಲ್ವಾನ ತಂಡ ಇದೇ ತೀರದುದ್ದಕ್ಕೂ ಸಾಗುತ್ತ ಸೆವಿಲ್ಲೆಗೆ ಸಮನಾದ ಊರೊಂದನ್ನು ಕಂಡಿತು. ಅದು ತುಲುಮ್ ಇರಬೇಕೆಂದು ಹಲವು ವಿದ್ವಾಂಸರ ಊಹೆ. ಮೂರು ಕಡೆ ಕೋಟೆಗೋಡೆ, ನಾಲ್ಕನೆಯ ಕಡೆ ಕಡಲು. ಕಡಲ ವ್ಯಾಪಾರದಿಂದ ಬದುಕಿದ ಈ ಊರು ದೋಣಿ ಮತ್ತು ಬಸ್ಸಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಬಂಡೆಯ ಅಂಚಿನ ಗುಡಿಯ ಕೆಳಗೆ ನೀಲಿ ನೀರು. ಕಣ್ಣಿಗೆ ಹಬ್ಬ ಬೇಕೆನ್ನುವವರು ಅಲ್ಲಿಗೇ ಹೋಗಲಿ.

ನಾವು ಆರಿಸುವುದಾದರೆ ಸಾನ್ ಹೆರ್ವಾಸಿಯೊ. ಅಲ್ಲಿರುವುದು ಕಾಡಿನ ನಡುವೆ ಆಳೆತ್ತರದ ಕಟ್ಟಡಗಳು, ಅವನ್ನು ಕೂಡಿಸುವ ಹಳೆಯ ದಾರಿ, ಗೋಡೆಯ ಮೇಲೆ ಕೆಂಪು ಅಂಗೈ ಗುರುತುಗಳುಳ್ಳ ಒಂದು ಮನೆ, ಬಿಸಿಲು ಕಾಯುವ ಉಡಗಳಂಥ ಇಗ್ವಾನಾಗಳು. ನೋಡಲು ಇದೇನು ಮಹಾ ಎನಿಸಬಹುದು. ಆದರೆ ಹೆರಿಗೆಯನ್ನು ಕಾಯುವ ದೇವತೆ ಇಷ್‌ಚೆಲ್‌ಳಿಗೆ ಹರಕೆ ಹೊತ್ತ ಹೆಣ್ಣುಮಕ್ಕಳು ದೋಣಿಯಲ್ಲಿ ಕಡಲು ದಾಟಿ ಬರುತ್ತಿದ್ದುದು ಈ ದ್ವೀಪಕ್ಕೆ. 1519ರಲ್ಲಿ ಇಲ್ಲಿಳಿದ ಕಾರ್ಟೆಸ್ ಮೂರ್ತಿಗಳನ್ನು ಒಡೆಸಿ ಶಿಲುಬೆ ನಿಲ್ಲಿಸಿದ. ಸುಮಾರು 1511ರಲ್ಲಿ ಹಡಗೊಡೆದು ಮಾಯಾ ಜನರ ನಡುವೆ ಉಳಿದಿದ್ದ ಇಬ್ಬರು ಸ್ಪೇನಿನವರಿಗೆ ಆತ ಇಲ್ಲಿಂದಲೇ ಹೇಳಿಕಳಿಸಿದ. ಹೆರೊನಿಮೊ ದೆ ಅಗಿಲಾರ್ ಓಡಿಬಂದು ದುಭಾಷಿಯಾದ. ಗೊನ್ಸಾಲೊ ಗೆರೆರೊ ಬರಲಿಲ್ಲ. ಮಾಯಾ ಹೆಣ್ಣನ್ನು ಮದುವೆಯಾಗಿ ಮಕ್ಕಳನ್ನು ಪಡೆದಿದ್ದ ಆತ ಮುಂದೆ ಅವರ ಪರವಾಗಿ ಸ್ಪೇನಿನವರ ವಿರುದ್ಧವೇ ಹೋರಾಡಿದ. ದ್ವೀಪವನ್ನು ಬರಿದುಮಾಡಿದ್ದು ಮಾತ್ರ ಕತ್ತಿಗಿಂತ ಹೆಚ್ಚಾಗಿ ಅವರು ತಂದ ಸಿಡುಬು. 1570ರ ಹೊತ್ತಿಗೆ ಇಲ್ಲಿ ಉಳಿದವರು ಕೆಲವೇ ನೂರು ಮಂದಿ.

1562ರಲ್ಲಿ ಮಾನಿ ಎಂಬ ಊರಿನಲ್ಲಿ ಪಾದ್ರಿ ದಿಯೆಗೊ ದೆ ಲಾಂಡಾ ಮಾಯಾ ಗ್ರಂಥಗಳನ್ನು ಸುಡಿಸಿದ. ಅರವತ್ತು ವರ್ಷಗಳ ಹಿಂದೆ ಕಾರ್ಡಿನಲ್ ಸಿಸ್ನೆರೋಸ್ ಗ್ರನಾಡಾದಲ್ಲಿ ಅರಬಿ ಗ್ರಂಥಗಳಿಗೆ ಬೆಂಕಿ ಹಾಕಿಸಿದ್ದನ್ನು ಇದು ನೆನಪಿಸುತ್ತದೆ. ಮಾಯಾ ಗ್ರಂಥಗಳಲ್ಲಿ ಇಂದು ಉಳಿದಿರುವುದು ನಾಲ್ಕೇ. ವಿಚಿತ್ರವೆಂದರೆ, ಅದೇ ಲಾಂಡಾ ಬರೆದಿಟ್ಟ ಅಕ್ಷರಗಳ ಟಿಪ್ಪಣಿಯನ್ನೇ ಹಿಡಿದು 1952ರಲ್ಲಿ ರಷ್ಯದ ಯೂರಿ ಕ್ನೋರೊಜೊವ್ ಆ ಲಿಪಿಯನ್ನು ಓದುವ ದಾರಿ ತೋರಿಸಿದರು.

ಕನ್ನಡದಲ್ಲಿ 'ಮಾಯಾ' ಎಂದೊಡನೆ 'ಮಾಯವಾದರು' ಎಂಬ ಮಾತು ನಾಲಗೆಗೆ ಬಂದುಬಿಡುತ್ತದೆ. ಪ್ರವಾಸಿ ಪುಸ್ತಿಕೆಗಳೂ ಕಣ್ಮರೆಯಾದ ಜನಾಂಗವೆಂದೇ ಬರೆಯುವುದುಂಟು. ಅವರು ಮಾಯವಾಗಿಲ್ಲ. 1847ರಲ್ಲಿ ಇದೇ ಯುಕತಾನಿನಲ್ಲಿ ದಂಗೆಯೆದ್ದು ಪೂರ್ವಭಾಗವನ್ನು ಅರ್ಧ ಶತಮಾನ ತಮ್ಮ ಕೈಯಲ್ಲಿಟ್ಟುಕೊಂಡವರು ಅವರು. 2020ರ ಜನಗಣತಿಯಂತೆ ಮೆಕ್ಸಿಕೊದಲ್ಲಿ ಯುಕತಾನಿನ ಮಾಯಾ ಭಾಷೆ ಆಡುವವರು ಏಳು ಲಕ್ಷಕ್ಕೂ ಹೆಚ್ಚು. ತುಲುಮ್ ಹಾದಿಯ ಬಸ್ಸಿನಲ್ಲಿ, ಅಂಗಡಿಯಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ ಅವರು ಸಿಗುತ್ತಾರೆ. 'ಬಿಶ್ ಅ ಬೇಲ್' ಎಂದರೆ ಹೇಗಿದ್ದೀರಿ ಎಂದರ್ಥ.