ವೇಗರೋಹಿತ: ನೆಲದ ಮಾರ್ದನಿಯಿಂದ ವೇಗ ಅಳೆದ ಚರಿತ್ರೆ

ವೇಗರೋಹಿತವೆಂದರೆ ಭೂಮಿಯೊಳಗೆ ಕಳಿಸಿದ ಕಂಪನದ ಅಲೆ ಪದರಗಳಿಗೆ ತಾಗಿ ಹಿಂದಿರುಗಿದಾಗ, ಅದು ಎಷ್ಟು ವೇಗದಲ್ಲಿ ಹೋಗಿಬಂದಿತೆಂದು ಓದಿಕೊಳ್ಳಲು ಸಿದ್ಧಪಡಿಸುವ ನಕ್ಷೆ. ಮೇಲಿನಿಂದ ಕೆಳಕ್ಕೆ ಕಾಲ, ಎಡದಿಂದ ಬಲಕ್ಕೆ ವೇಗ. ಯಾವ ಕಾಲಕ್ಕೆ ಯಾವ ವೇಗ ಸರಿಹೊಂದುವುದೋ ಅಲ್ಲೊಂದು ದಟ್ಟ ಮಚ್ಚೆ ಮೂಡುತ್ತದೆ. ಬೆಳಕಿಗೂ ಇದಕ್ಕೂ ಸಂಬಂಧವಿಲ್ಲ. ಪಟ್ಟಕ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಂತೆ ಇಲ್ಲಿ ದಾಖಲೆಯನ್ನು ವೇಗಗಳಾಗಿ ಬಿಡಿಸುವುದರಿಂದ ರೋಹಿತ ಎಂಬ ಹೆಸರು ಅಂಟಿಕೊಂಡಿದೆ.

ಕುಪ್ಪಳ್ಳಿಯ ಕವಿಶೈಲದಂಥ ಗುಡ್ಡದ ಮೇಲೆ ನಿಂತು ಎದುರಿನ ಕಾಡಿಗೆ ಕೂ ಹಾಕಿದವರಿಗೆ ಇದರ ಮೊದಲ ಪಾಠ ತಿಳಿದೇ ಇರುತ್ತದೆ. ಮಾರ್ದನಿ ಎರಡು ಸೆಕೆಂಡಿಗೆ ಬಂದರೆ ಎದುರಿನ ಗುಡ್ಡ ಸುಮಾರು 340 ಮೀಟರ್ ದೂರದಲ್ಲಿದೆ ಎನ್ನಬಹುದು, ಏಕೆಂದರೆ ಗಾಳಿಯಲ್ಲಿ ಶಬ್ದದ ವೇಗ ನಮಗೆ ಮೊದಲೇ ಗೊತ್ತು. ನೆಲಕ್ಕೆ ಕೂ ಹಾಕಿದರೆ ಈ ಅನುಕೂಲವಿಲ್ಲ. ಪದರ ಎಷ್ಟು ಆಳದಲ್ಲಿದೆಯೋ ತಿಳಿಯದು, ನಡುವಿನ ಕಲ್ಲಿನಲ್ಲಿ ಅಲೆ ಎಷ್ಟು ವೇಗವಾಗಿ ಓಡುವುದೋ ಅದೂ ತಿಳಿಯದು. ಒಬ್ಬನೇ ಕೇಳುಗನಿಂದ ಈ ಗಂಟು ಬಿಡಿಸಲಾಗದು. ಕೇಳುವವರನ್ನು ಸಾಲಾಗಿ ಕೂರಿಸಬೇಕು.

ಆ ಸಾಲಿನಲ್ಲಿ ದೂರ ಹೋದಷ್ಟೂ ಮಾರ್ದನಿ ತಡವಾಗಿ ಬರುತ್ತದೆ. ತಡದ ಲೆಕ್ಕ ಪೈಥಾಗೊರಸನದೇ: ನೇರ ಕೆಳಗೆ ಹೋಗಿಬರುವ ಕಾಲದ ವರ್ಗಕ್ಕೆ, ದೂರವನ್ನು ವೇಗದಿಂದ ಭಾಗಿಸಿದ್ದರ ವರ್ಗ ಸೇರಿಸಿದರೆ, ದೂರದ ಕೇಳುಗನ ಕಾಲದ ವರ್ಗ ಸಿಗುತ್ತದೆ. ಎಲ್ಲ ಕೇಳುಗರ ದಾಖಲೆಗಳನ್ನು ಪಕ್ಕಪಕ್ಕ ಇಟ್ಟಾಗ ಒಂದು ಪದರದ ಮಾರ್ದನಿ ಬಿಲ್ಲಿನಂತೆ ಬಾಗಿ ಕಾಣುತ್ತದೆ. ವೇಗ ಕಡಿಮೆಯಾದರೆ ಬಾಗು ಹೆಚ್ಚು, ವೇಗ ಹೆಚ್ಚಾದರೆ ಬಾಗು ಕಡಿಮೆ. ವೇಗರೋಹಿತದ ಚರಿತ್ರೆಯೆಲ್ಲ ಈ ಬಾಗನ್ನು ಅಳೆಯುವ ಚರಿತ್ರೆ.

ಜಾನ್ ಕ್ಲಾರೆನ್ಸ್ ಕಾರ್ಚರ್ ಮತ್ತು ಸಂಗಡಿಗರು 1921ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ನೆಲದ ಪ್ರತಿಫಲನವನ್ನು ಮೊದಲು ಪ್ರಯೋಗಿಸಿ ನೋಡಿದರು. ಮುಂದಿನ ಮೂರು ದಶಕ ತೈಲ ಹುಡುಕುವವರು ಕಾಗದದ ಮೇಲಿನ ಗೆರೆಗಳನ್ನು ಕಣ್ಣಲ್ಲೇ ಓದಿದರು. ಹ್ಯಾರಿ ಮೇಯ್ನ್ 1950ರಲ್ಲಿ ಒಂದು ಉಪಾಯ ಕಂಡ. ಸ್ಫೋಟದ ಜಾಗವನ್ನೂ ಕೇಳುವ ಜಾಗವನ್ನೂ ಬದಲಿಸುತ್ತ, ನಡುವಿನ ಬಿಂದು ಮಾತ್ರ ಒಂದೇ ಇರುವಂತೆ ದಾಖಲೆಗಳನ್ನು ಆಯ್ದು, ಬಾಗನ್ನು ನೇರ ಮಾಡಿ, ಒಂದರ ಮೇಲೊಂದು ಕೂಡಿಸುವುದು. ಗದ್ದಲ ಅಳಿದು ಮಾರ್ದನಿ ಉಳಿಯುತ್ತದೆ. ಆದರೆ ಬಾಗು ನೇರವಾಗಬೇಕಾದರೆ ವೇಗ ಗೊತ್ತಿರಬೇಕಲ್ಲ! ಹೀಗೆ ವೇಗದ ಪ್ರಶ್ನೆ ಎಲ್ಲರ ಮೇಜಿಗೆ ಬಂತು. ಸಿ. ಹೆವಿಟ್ ಡಿಕ್ಸ್ 1955ರಲ್ಲಿ ಪ್ರಕಟಿಸಿದ ಸೂತ್ರ, ಮೇಲಿಂದ ಕೆಳಗಿನವರೆಗಿನ ಸರಾಸರಿ ಸ್ವರೂಪದ ವೇಗದಿಂದ ಒಂದೊಂದೇ ಪದರದ ವೇಗವನ್ನು ಬಿಡಿಸುವ ದಾರಿ ತೋರಿತು. ಇಂದಿಗೂ ಅದನ್ನು ಡಿಕ್ಸ್ ಸೂತ್ರವೆಂದೇ ಕರೆಯುತ್ತಾರೆ.

ರೋಹಿತ ಹುಟ್ಟಲು ಡಿಜಿಟಲ್ ಕಂಪ್ಯೂಟರ್ ಬರಬೇಕಾಯಿತು. ಫ್ರಾನ್ಸಿನ ಗರೋಟ್ಟಾ ಮತ್ತು ಮಿಶೋಂ 1967ರಲ್ಲಿ ವೇಗವನ್ನು ಎಡೆಬಿಡದೆ ಪರಿಶೀಲಿಸುವ ಕ್ರಮವನ್ನು ವಿವರಿಸಿದರು. ತುರ್ಕಿ ಮೂಲದ ತುರ್ಹಾನ್ ತಾನೆರ್ ಮತ್ತು ಫುಲ್ಟನ್ ಕೋಲರ್ 1969ರಲ್ಲಿ 'ಜಿಯೋಫಿಸಿಕ್ಸ್' ಪತ್ರಿಕೆಯಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲೇ ವೇಗರೋಹಿತ ಎಂಬ ಮಾತಿದೆ. ಅವರ ಕ್ರಮ ಹಟಮಾರಿಯದು. ವೇಗ ತಿಳಿಯದಿದ್ದರೆ ಎಲ್ಲ ವೇಗಗಳನ್ನೂ ಒಂದೊಂದಾಗಿ ಹಾಕಿ ನೋಡು, ಯಾವ ಬಾಗಿನ ಗುಂಟ ದಾಖಲೆಗಳು ಒಕ್ಕೊರಲಾಗುವುವೋ ಅದನ್ನು ಗುರುತು ಮಾಡು. ಮನುಷ್ಯನಿಗೆ ಇದು ಬೇಸರದ ಕೆಲಸ, ಯಂತ್ರಕ್ಕೆ ಬೇಸರವಿಲ್ಲ. 1971ರಲ್ಲಿ ನೈಡೆಲ್ ಮತ್ತು ತಾನೆರ್ ಈ ಒಕ್ಕೊರಲನ್ನು ಅಳೆಯಲು ಸೆಂಬ್ಲೆನ್ಸ್ ಎಂಬ ಅಳತೆಯನ್ನು ನೆಲೆಗೊಳಿಸಿದರು. ಎಲ್ಲ ದನಿಗಳೂ ಕೂಡಿದಾಗಿನ ಶಕ್ತಿಯನ್ನು ಬಿಡಿ ದನಿಗಳ ಒಟ್ಟು ಶಕ್ತಿಯೊಂದಿಗೆ ಹೋಲಿಸುವ ಈ ಅನುಪಾತ ಪೂರ್ತಿ ಒಕ್ಕೊರಲಿಗೆ 1, ಒಂದಕ್ಕೊಂದು ತಾಳೆಯಿಲ್ಲದ ಗದ್ದಲಕ್ಕೆ ಸೊನ್ನೆಯ ಹತ್ತಿರ.

ಈ ಲೆಕ್ಕ ಬಹುಕಾಲ ತೈಲ ಕಂಪನಿಗಳ ದೊಡ್ಡ ಯಂತ್ರಗಳ ಸೊತ್ತಾಗಿತ್ತು. ಅದನ್ನು ವಿದ್ಯಾರ್ಥಿಯ ಮೇಜಿಗೆ ತಂದದ್ದು ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆ. ಒಂದು ಆಜ್ಞೆಯ ಫಲವನ್ನು ಮುಂದಿನ ಆಜ್ಞೆಗೆ ಹರಿಸುವ 'ಪೈಪ್' ಯೂನಿಕ್ಸಿಗೆ 1973ರಲ್ಲಿ ಸೇರಿತು. ಅಡಿಕೆ ತೋಟಕ್ಕೆ ನೀರು ಹಾಯಿಸುವ ದಂಬೆಯಂತೆ ಒಂದರ ಬಾಯಿಗೆ ಇನ್ನೊಂದನ್ನು ಇಡುತ್ತ ಹೋಗಬಹುದು. ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದ ಐಸ್‌ಲ್ಯಾಂಡಿನ ಐನಾರ್ ಕ್ಯಾರ್ಟಾನ್ಸನ್ 1970ರ ದಶಕದ ಕೊನೆಗೆ ಈ ತತ್ತ್ವದ ಮೇಲೆ ಎಸ್‌ವೈ ಎಂಬ ಪೊಟ್ಟಣ ಬರೆಯತೊಡಗಿದ. ಶುಕಿ ರೋನೆನ್ 1980ರ ದಶಕದ ನಡುವೆ ಅದನ್ನು ಕೊಲರಾಡೊ ಸ್ಕೂಲ್ ಆಫ್ ಮೈನ್ಸಿಗೆ ಒಯ್ದ. ಅಲ್ಲಿ ಜ್ಯಾಕ್ ಕೋಹೆನ್ ಜೊತೆಗೂಡಿದ ಮೇಲೆ ಅದು ಸೈಸ್ಮಿಕ್ ಯೂನಿಕ್ಸ್ ಆಯಿತು. 1992ರಲ್ಲಿ ಮೂಲಸಂಕೇತದ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ಜಾನ್ ಸ್ಟಾಕ್‌ವೆಲ್ ಅದನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದರು. ಸೆರ್ಗೆಯ್ ಫೋಮೆಲ್ 2006ರಲ್ಲಿ ಹೊರತಂದ ಮಡಗಾಸ್ಕರ್ ಎಂಬ ಪೊಟ್ಟಣವೂ ಇದೇ ಜಾಡಿನದು.

ಸೈಸ್ಮಿಕ್ ಯೂನಿಕ್ಸಿನ ಹೆಚ್ಚಿನ ಆಜ್ಞೆಗಳ ಹೆಸರು 'ಸು' ಎಂದು ಶುರುವಾಗುತ್ತದೆ. ಕನ್ನಡಿಗರ ಕಿವಿಗೆ ಅದು ಒಳ್ಳೆಯದೆಂಬ ಉಪಸರ್ಗದಂತೆ ಕೇಳಿದರೂ ಇಂಗ್ಲಿಷ್ ಹೆಸರಿನ ಎರಡು ಮೊದಲಕ್ಷರ ಅಷ್ಟೇ. 'ಸುಸಾರ್ಟ್' ದಾಖಲೆಗಳನ್ನು ನಡುಬಿಂದುವಿನ ಪ್ರಕಾರ ಜೋಡಿಸುತ್ತದೆ, 'ಸುವೆಲಾನ್' ರೋಹಿತ ಕಟ್ಟುತ್ತದೆ, ಚಿತ್ರ ತೋರಿಸಲು ಬೇರೆ ಆಜ್ಞೆಗಳಿವೆ. ಯಂತ್ರದ ಪಾಲು ಇಲ್ಲಿಗೆ ಮುಗಿಯಿತು. ಮಚ್ಚೆಗಳ ಸಾಲಿನಲ್ಲಿ ಯಾವುದು ನಿಜವಾದ ಪದರ, ಯಾವುದು ಎರಡು ಪದರಗಳ ನಡುವೆ ಪುಟಿದಾಡಿ ತಡವಾಗಿ ಬಂದ ಮರುಮಾರ್ದನಿ ಎಂದು ಆರಿಸುವುದು ಕೂತವರ ಕಣ್ಣು. ಆರಿಸಿದ ಕಾಲ–ವೇಗಗಳ ಪಟ್ಟಿಯನ್ನು 'ಸುಎನ್‌ಎಂಒ' ಆಜ್ಞೆಗೆ ಕೊಟ್ಟು ಬಾಗನ್ನು ನೇರ ಮಾಡುತ್ತಾರೆ, 'ಸುಸ್ಟ್ಯಾಕ್' ಕೂಡಿಸುತ್ತದೆ.

ಬಳಕೆದಾರ ಏನೂ ಹೇಳದಿದ್ದರೆ 'ಸುವೆಲಾನ್' ಸೆಕೆಂಡಿಗೆ 1500 ಮೀಟರಿನಿಂದ ಶುರುಮಾಡಿ 50 ಮೀಟರಿನ ಹೆಜ್ಜೆಯಲ್ಲಿ 50 ವೇಗಗಳನ್ನು ಹಾಕಿ ನೋಡುತ್ತದೆ. 1500 ಎಂದರೆ ಹೆಚ್ಚುಕಡಿಮೆ ಸಮುದ್ರದ ನೀರಿನಲ್ಲಿ ಶಬ್ದದ ವೇಗ. ಕೊನೆಯ ಹೆಜ್ಜೆ 3950. ಬರೆದವರ ಮನಸ್ಸಿನಲ್ಲಿದ್ದದ್ದು ಕಡಲು, ಕೆಸರು, ಮರಳುಗಲ್ಲು, ಅವುಗಳ ನಡುವಿನ ತೈಲ. ನಮ್ಮ ಧಾರವಾಡ ಕ್ರೇಟಾನ್ ಎಂಬ ಪುರಾತನ ಭೂಖಂಡದ ತುಣುಕಿನ ನೈಸ್ ಶಿಲೆಯಲ್ಲಿ ಅಲೆಯ ವೇಗ ಸೆಕೆಂಡಿಗೆ ಆರು ಸಾವಿರ ಮೀಟರಿನ ಆಸುಪಾಸು. ತೀರ್ಥಹಳ್ಳಿಯ ಜಂಬಿಟ್ಟಿಗೆಯ ಕೆಳಗಿನ ಕಲ್ಲು ಈ ಪಟ್ಟಿಯೊಳಗೆ ಬೀಳುವುದೇ ಇಲ್ಲ. ಅಂಕಿ ಬದಲಿಸುವುದೇನೋ ಒಂದು ಕ್ಷಣದ ಕೆಲಸ. ತೊಡಕು ಅದಕ್ಕಿಂತ ಆಳದಲ್ಲಿದೆ.

ಲೆಕ್ಕ ಹಾಕಿ ನೋಡೋಣ. ಕೆಸರುಗಲ್ಲಿನಲ್ಲಿ ಒಂದು ಸೆಕೆಂಡಿಗೆ ಮರಳುವ ಮಾರ್ದನಿ, ವೇಗ ಸೆಕೆಂಡಿಗೆ 2 ಕಿ.ಮೀ., ಕೇಳುಗ 2 ಕಿ.ಮೀ. ದೂರ ಎಂದುಕೊಂಡರೆ ತಡ 414 ಮಿಲಿಸೆಕೆಂಡ್. ವೇಗವನ್ನು 2.2 ಎಂದು ತಪ್ಪಾಗಿ ಹಾಕಿದರೆ 351. ಅಂತರ 63 ಮಿಲಿಸೆಕೆಂಡ್, ರೋಹಿತದಲ್ಲಿ ಮಚ್ಚೆ ಚೂಪಾಗಿ ನಿಲ್ಲುತ್ತದೆ. ಈಗ ಗಟ್ಟಿಕಲ್ಲಿನ ಆಳದ ಪದರ: ಹತ್ತು ಸೆಕೆಂಡಿನ ಮಾರ್ದನಿ, ವೇಗ 6.2 ಕಿ.ಮೀ., ಕೇಳುಗ 6 ಕಿ.ಮೀ. ದೂರ. ತಡ ಸುಮಾರು 47 ಮಿಲಿಸೆಕೆಂಡ್. ವೇಗ 6.6 ಎಂದರೆ ಸುಮಾರು 41. ಅಂತರ ಐದಾರು ಮಿಲಿಸೆಕೆಂಡ್ ಮಾತ್ರ. 20 ಹರ್ಟ್ಸಿನ ಅಲೆಯ ಒಂದು ಸುತ್ತೇ 50 ಮಿಲಿಸೆಕೆಂಡ್ ಇರುವಾಗ ಈ ಅಂತರ ಯಾರ ಕಣ್ಣಿಗೆ ಬಿದ್ದೀತು? ಮಚ್ಚೆ ಅಡ್ಡಕ್ಕೆ ಎಳೆದ ಮಸಿಯಂತೆ ಹರಡಿಬಿಡುತ್ತದೆ. ಬಾಗಿಲ್ಲದ ಬಿಲ್ಲಿನಿಂದ ವೇಗ ಹೊರಡಿಸಲಾಗದು.

ಕರ್ನಾಟಕದಲ್ಲಿ ಆಳದ ವೇಗಗಳು ಮೊದಲು ತಿಳಿದದ್ದು ಬೇರೆ ದಾರಿಯಿಂದ, ದೂರದಿಂದ ಆಲಿಸಿ. ಗೌರಿಬಿದನೂರಿನಲ್ಲಿ ಈಗಿನ ಭಾಭಾ ಪರಮಾಣು ಸಂಶೋಧನಾ ಕೇಂದ್ರವು 1965ರಲ್ಲಿ ಬ್ರಿಟನ್ನಿನ ಸಹಕಾರದಿಂದ 20 ಕಂಪನಮಾಪಕಗಳನ್ನು ಎರಡು ತೋಳಿನ ಸಾಲಾಗಿ ಹೂಡಿತು. ದೂರದ ಭೂಕಂಪ ಮತ್ತು ಅಣುಸ್ಫೋಟಗಳ ಅಲೆ ಸಾಲನ್ನು ದಾಟುವ ವೇಗ ಮತ್ತು ದಿಕ್ಕಿನಿಂದ ಮೂಲವನ್ನು ಗುರುತಿಸುವುದು ಅದರ ಉದ್ದೇಶ. ಹಲವು ವೇಗಗಳನ್ನು ಹಾಕಿ ಒಕ್ಕೊರಲನ್ನು ಹುಡುಕುವ ಉಪಾಯ ಅಲ್ಲೂ ಇದೇ. ತಾನೆರರ ಲೇಖನ ಬರುವ ಮೊದಲೇ ನಮ್ಮ ಬಯಲುಸೀಮೆಯಲ್ಲಿ ಅದರ ಒಬ್ಬ ನೆಂಟನಿದ್ದ ಎನ್ನಬಹುದು.

ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಸೋವಿಯತ್ ನೆರವಿನೊಂದಿಗೆ ಆಂಧ್ರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ, ಕಡಲಿಂದ ಕಡಲಿಗೆ, ಸುಮಾರು 600 ಕಿ.ಮೀ. ಉದ್ದದ ರೇಖೆಯ ಮೇಲೆ ಸ್ಫೋಟಗಳನ್ನು ನಡೆಸಿ ಆಲಿಸಿತು. ಕೆ. ಎಲ್. ಕೈಲಾ ಮತ್ತು ಸಹೋದ್ಯೋಗಿಗಳು 1979ರಲ್ಲಿ ಭೂಕವಚದ ಆ ಕೊಯ್ತವನ್ನು ಪ್ರಕಟಿಸಿದರು. ಘಟ್ಟ ಹತ್ತಿ ಬಯಲಿಗಿಳಿಯುವ ಆ ರೇಖೆ ಕುಪ್ಪಳ್ಳಿ ಸೀಮೆಗೆ ನೆರೆಯದು. ಇಲ್ಲಿ ಕೇಳುಗರು ಸ್ಫೋಟದಿಂದ ಹತ್ತಾರು, ನೂರಾರು ಕಿಲೋಮೀಟರ್ ದೂರವಿರುವುದರಿಂದ ಬಾಗು ಕಣ್ಣಿಗೆ ಕಾಣುವಷ್ಟಾಗುತ್ತದೆ, ವೇಗ ಸಿಗುತ್ತದೆ. ಕವಚದ ತಳವಾದ ಮೋಹೊ ಗಡಿ 34ರಿಂದ 41 ಕಿ.ಮೀ. ಆಳದಲ್ಲಿದೆ ಎಂದು ಅವರು ಓದಿದರು. ಮುಂದೆ ದೂರದ ಭೂಕಂಪಗಳ ಅಲೆಗಳಿಂದ ಅಳೆದವರು ಪಶ್ಚಿಮ ಧಾರವಾಡ ಕ್ರೇಟಾನಿನ ಕೆಲವೆಡೆ ಅದು 50 ಕಿ.ಮೀ. ಹತ್ತಿರವಿದೆ ಎಂದರು. ವೇಗದಲ್ಲಿ ಸಣ್ಣ ತಪ್ಪಾದರೂ ಆಳ ಕಿಲೋಮೀಟರುಗಟ್ಟಲೆ ಸರಿಯುವ ವಿದ್ಯೆ ಇದು. ಆದ್ದರಿಂದ ಬೇರೆ ಬೇರೆ ಕ್ರಮಗಳ ಅಂಕಿಗಳು ತಾಳೆಯಾಗದ್ದು ಕಂಡು ಹೌಹಾರಬೇಕಿಲ್ಲ.

ಹತ್ತಿರದಿಂದ ಆಲಿಸುವ ಪ್ರತಿಫಲನ ಸಮೀಕ್ಷೆಯೂ ಇದೇ ಸಂಸ್ಥೆಯಿಂದ ನಡೆಯಿತು, ಪೆರೂರಿನಿಂದ ಚಿಕ್ಕಮಗಳೂರಿನವರೆಗೆ ಸುಮಾರು 200 ಕಿ.ಮೀ. ಬಿಸ್ವಜಿತ್ ಮಂಡಲ್, ವಿ. ವಿಜಯರಾವ್ ಮತ್ತು ಸಂಗಡಿಗರು 2018ರಲ್ಲಿ ಅದರ ಚಿತ್ರವನ್ನು ಪ್ರಕಟಿಸಿ, ಒಳಗಿನ ಪ್ರತಿಫಲನಗಳಲ್ಲಿ ನವ-ಆರ್ಕಿಯನ್ ಯುಗದಲ್ಲಿ ಒಂದು ಶಿಲಾಫಲಕ ಇನ್ನೊಂದರ ಅಡಿಗೆ ಜಾರಿದ ಗುರುತನ್ನು ಕಂಡರು. ಇಂಥ ದಾಖಲೆಯ ಆಳದ ಭಾಗಕ್ಕೆ ರೋಹಿತವೊಂದನ್ನೇ ನಂಬಿ ಕೂರಲಾಗದು. ಗಟ್ಟಿಕಲ್ಲಿನಲ್ಲಿ ದುಡಿಯುವವರು ಸಾಮಾನ್ಯವಾಗಿ 5800, 6000, 6200 ಎಂದು ಒಂದೊಂದೇ ವೇಗವನ್ನು ಇಡೀ ದಾಖಲೆಗೆ ಹಾಕಿ, ಕೂಡಿಸಿದ ಚಿತ್ರಗಳನ್ನು ಪಕ್ಕಪಕ್ಕ ಹಿಡಿದು, ಪದರ ಯಾವುದರಲ್ಲಿ ನಿಚ್ಚಳವಾಗಿ ಕಾಣುವುದೋ ಅದನ್ನು ಇಟ್ಟುಕೊಳ್ಳುತ್ತಾರೆ. ಆಳಕ್ಕೆ ಹೋದಂತೆ, ದೂರದಿಂದ ಆಲಿಸಿ ಪಡೆದ ಹಳೆಯ ವೇಗಗಳೇ ಆಸರೆ. ಆಜ್ಞೆಯ ಸಾಲಿನಲ್ಲಿ ಇದು ನಾಲ್ಕೈದು ಸಾಲಿನ ಪುಟ್ಟ ಕಡತ. ರಾತ್ರಿ ಓಡಿಸಿಟ್ಟರೆ ಬೆಳಗ್ಗೆ ಹತ್ತಿಪ್ಪತ್ತು ಚಿತ್ರ ಸಿದ್ಧ, ಆರಿಸುವ ಕೆಲಸ ಮತ್ತೆ ಕಣ್ಣಿನದು.