ಮುಪ್ಪಿನ ಮನಸ್ತಾಪಕ್ಕೆ ಮಾತಿನ ಚಿಕಿತ್ಸೆ

ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿ, ನೆರೂಳಿನವರೆಗೆ ಹಿರಿಯ ನಾಗರಿಕರ ಸಂಘಗಳಿಗೆ ಈಗ ಕೊರತೆಯಿಲ್ಲ. ಯೋಗ, ನಗೆಕೂಟ, ಆರೋಗ್ಯ ತಪಾಸಣೆ, ತೀರ್ಥಯಾತ್ರೆ, ವಿಲ್ ಬರೆಯುವ ಕುರಿತು ವಕೀಲರ ಉಪನ್ಯಾಸ ಎಲ್ಲವೂ ನಡೆಯುತ್ತಿವೆ, ನಡೆಯಲೇಬೇಕು. ಆದರೆ ಇವುಗಳ ಹಿಂದೆ ಒಂದು ನಂಬಿಕೆ ಬಲವಾಗಿ ಬೇರೂರಿದೆ: ಹಿರಿಯರ ಮನಸ್ಸಿನ ನೋವೆಂದರೆ ಒಂಟಿತನ, ಅದಕ್ಕೆ ಮದ್ದು ನಾಲ್ಕು ಜನರ ಸಹವಾಸ. ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಐದು ಜನರ ನಡುವೆ ಬದುಕುವ ನಿವೃತ್ತರಿಗಾದರೋ ಜನರ ಬರವಿಲ್ಲ. ಉದ್ಯೋಗದ ವರ್ಷಗಳುದ್ದಕ್ಕೂ ಬೆಳಗಿನ ಲೋಕಲ್ ಹಿಡಿದು ರಾತ್ರಿ ಮರಳುತ್ತಿದ್ದ ಗಂಡ ಈಗ ದಿನವಿಡೀ ಮನೆಯಲ್ಲಿದ್ದಾನೆ, ಹೆಂಡತಿಗೆ ತನ್ನದೆಂಬ ಹೊತ್ತೇ ಉಳಿದಿಲ್ಲ. ಅಡುಗೆಮನೆಯ ಯಜಮಾನಿಕೆ ಅತ್ತೆಯದೋ ಸೊಸೆಯದೋ ಇನ್ನೂ ಇತ್ಯರ್ಥವಾಗಿಲ್ಲ. ಊರಿನ ಜಮೀನಿನ ಪಾಲಿನ ವಿಷಯದಲ್ಲಿ ತಮ್ಮನೊಂದಿಗೆ ಮಾತು ನಿಂತು ಎಷ್ಟೋ ಕಾಲವಾಗಿದೆ. ಇಂಥ ಸಂಬಂಧದ ತೊಡಕುಗಳನ್ನು ಒಂಟಿತನದ ಲೆಕ್ಕಕ್ಕೆ ಬರೆದುಕೊಂಡಿರುವುದರಿಂದಲೇ, ಇವಕ್ಕೆ ಮಾತಿನ ಚಿಕಿತ್ಸೆಯಿದೆ ಎಂಬ ಸಂಗತಿ ನಮ್ಮವರಿಗೆ ಮುಟ್ಟಿಲ್ಲ.

ಈ ಚಿಕಿತ್ಸೆಯ ಆರಂಭದ ಕಥೆಯನ್ನು ಚುಟುಕಾಗಿ ಹೇಳಿದರೆ ಸಾಕು. ಐವತ್ತರ ಹತ್ತಿರ ಬಂದವರ ಮನಸ್ಸು ಬಾಗುವ ಗುಣ ಕಳೆದುಕೊಂಡಿರುತ್ತದೆ ಎಂದು ಫ್ರಾಯ್ಡ್ 1904ರ ಉಪನ್ಯಾಸವೊಂದರಲ್ಲಿ ಹೇಳಿದರು. ರೋಗಿಯ ವಯಸ್ಸಿಗಿಂತ ತೊಂದರೆ ಶುರುವಾದ ವಯಸ್ಸು ಮುಖ್ಯ ಎಂದು 1919ರಲ್ಲಿ ಅವರ ಶಿಷ್ಯ ಕಾರ್ಲ್ ಅಬ್ರಹಾಂ ತಿದ್ದಿದರೂ ಕಿವಿಗೊಟ್ಟವರು ಕಡಿಮೆ. 1963ರಲ್ಲಿ ಅಮೆರಿಕದ ರಾಬರ್ಟ್ ಬಟ್ಲರ್ ಹಿರಿಯರು ಹಳೆಯದನ್ನು ನೆನೆಯುವುದನ್ನು ಮರುಳೆಂದು ತಳ್ಳದೆ, ಬಾಳನ್ನು ಮತ್ತೆ ತೂಗಿ ನೋಡುವ ಮನಸ್ಸಿನ ಕೆಲಸ ಎಂದು ಗುರುತಿಸಿದ ಮೇಲಷ್ಟೇ ಗಾಳಿ ಬದಲಾಯಿತು. ನಮ್ಮಲ್ಲಿ ಗಿರೀಂದ್ರಶೇಖರ ಬೋಸ್ 1922ರಲ್ಲೇ ಕಲ್ಕತ್ತೆಯಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿದ್ದರು. ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲಿ ರೋಗಿಗಳೊಂದಿಗೆ ಮನೆಯವರನ್ನೂ ಡೇರೆಗಳಲ್ಲಿ ಉಳಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್ ಕುಟುಂಬ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವನ್ನೇ ತೆರೆಯಿತು. ಇವೆಲ್ಲ ದೊಡ್ಡ ಹೆಜ್ಜೆಗಳು. ಆದರೂ ಚಿಕಿತ್ಸೆಯ ಕೋಣೆಗಳಿಗೆ ಹಿರಿಯರು ಹೆಚ್ಚಾಗಿ ಬಂದದ್ದು ರೋಗಿಯ ತಂದೆ-ತಾಯಿಯಾಗಿ, ಮಾಹಿತಿ ಕೊಡುವವರಾಗಿ. ತಮ್ಮ ಸಂಕಟವನ್ನೇ ಮುಂದಿಟ್ಟುಕೊಂಡು ಕೂರುವ ಕುರ್ಚಿ ಅವರಿಗೆ ಸಿಕ್ಕಿದ್ದು ಅಪರೂಪ.

ನನ್ನ ತಲೆಮಾರಿನವರ ಕಣ್ಣು ತೆರೆಸಿದ್ದು ಜೆರಾಲ್ಡ್ ಕ್ಲರ್ಮನ್ ಮತ್ತು ಮಿರ್ನಾ ವೈಸ್‌ಮನ್ ರೂಪಿಸಿದ ಇಂಟರ್‌ಪರ್ಸನಲ್ ಥೆರಪಿ. 1984ರಲ್ಲಿ ಪುಸ್ತಕವಾಗಿ ಬಂದ ಈ ವಿಧಾನ ಖಿನ್ನತೆಯನ್ನು ಸಂಬಂಧಗಳ ನಡುವೆ ಇಟ್ಟು ನೋಡುತ್ತದೆ. ಅಗಲಿಕೆಯ ದುಃಖ, ಹತ್ತಿರದವರೊಂದಿಗಿನ ಜಗಳ, ಬಾಳಿನಲ್ಲಿ ಪಾತ್ರ ಬದಲಾಗುವುದು, ಒಡನಾಟದ ಕೊರತೆ ಎಂಬ ನಾಲ್ಕರಲ್ಲಿ ಯಾವುದು ಈಗ ಚುಚ್ಚುತ್ತಿದೆ ಎಂದು ಕೇಳಿ, ಸಾಮಾನ್ಯವಾಗಿ ಹನ್ನೆರಡರಿಂದ ಹದಿನಾರು ಭೇಟಿಗಳಲ್ಲಿ ಅದರ ಮೇಲೇ ಕೆಲಸ ಮಾಡುತ್ತದೆ. ವೈಧವ್ಯ, ಮಗನೊಂದಿಗೆ ಮನಸ್ತಾಪ, ನಿವೃತ್ತಿ, ಗೆಳೆಯರ ಸಾವು: ಇಳಿವಯಸ್ಸಿನ ಸಂಕಟಗಳಿಗೆ ಇಷ್ಟು ಹತ್ತಿರ ಬಂದ ವಿಧಾನ ಇನ್ನೊಂದಿಲ್ಲ. ಪಿಟ್ಸ್‌ಬರ್ಗಿನಲ್ಲಿ ಚಾರ್ಲ್ಸ್ ರೆನಾಲ್ಡ್ಸ್ ಮತ್ತು ಸಂಗಡಿಗರು ಇಳಿವಯಸ್ಸಿನವರಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧ ಮತ್ತು ಈ ಚಿಕಿತ್ಸೆ ಎರಡೂ ಸಿಕ್ಕವರಲ್ಲಿ ಮೂರು ವರ್ಷದೊಳಗೆ ಖಿನ್ನತೆ ಮರುಕಳಿಸಿದ್ದು ಶೇ. 20 ಮಂದಿಗೆ, ಎರಡೂ ಇಲ್ಲದವರಲ್ಲಿ ಶೇ. 90 ಮಂದಿಗೆ. 2006ರಲ್ಲಿ ಇದೇ ತಂಡ ಎಪ್ಪತ್ತು ದಾಟಿದವರಲ್ಲಿ ನೋಡಿದಾಗ ಔಷಧ ಫಲಿಸಿತು, ತಿಂಗಳಿಗೊಮ್ಮೆಯ ಮಾತುಕತೆ ಮರುಕಳಿಕೆಯನ್ನು ತಡೆಯಲಿಲ್ಲ. ಹಿರಿಯರಿಗೆ ಮಾತಿನ ಚಿಕಿತ್ಸೆ ಬೇಡವೆನ್ನುವವರು ಎತ್ತಿ ತೋರಿಸುವುದು ಈ ಫಲಿತಾಂಶವನ್ನೇ. ಅದನ್ನು ಮುಚ್ಚಿಡುವುದು ಸಲ್ಲ. ಆದರೆ ಅಲ್ಲಿ ಅಳೆದದ್ದು ಖಿನ್ನತೆ ಮರಳಿತೇ ಎಂಬುದನ್ನು. ಗಂಡ-ಹೆಂಡಿರ ನಡುವೆ, ತಂದೆ-ಮಗನ ನಡುವೆ ಬಿಗಿ ಸಡಿಲಿತೇ ಎಂಬುದು ಆ ಅಧ್ಯಯನದ ಮುಖ್ಯ ಪ್ರಶ್ನೆಯಾಗಿರಲಿಲ್ಲ. ಮರೆವು ಶುರುವಾದ ಹಿರಿಯರಿಗಾಗಿ ಮಾರ್ಕ್ ಮಿಲ್ಲರ್ ಇದೇ ವಿಧಾನವನ್ನು ಮಾರ್ಪಡಿಸಿದಾಗ, ನೋಡಿಕೊಳ್ಳುವವರನ್ನೂ ಜೊತೆಗೆ ಕೂರಿಸಿಕೊಂಡರು. ಕ್ಷೇತ್ರ ಸಾಗಬೇಕಾದ ದಿಕ್ಕು ಅದೇ.

ಇಂಥದ್ದಕ್ಕೆ ಬೇಕಾದಷ್ಟು ತಜ್ಞರು ನಮ್ಮಲ್ಲೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಗೋವೆಯಿಂದ ಬಂದಿದೆ. ಅಲ್ಲಿ ಅಮಿತ್ ಡಯಾಸ್ ಮತ್ತು ಸಂಗಡಿಗರು ಖಿನ್ನತೆಯ ಅಂಚಿನಲ್ಲಿದ್ದ, ಅರವತ್ತು ದಾಟಿದ 181 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ತರಬೇತಿ ಪಡೆದ ಸಾಮಾನ್ಯ ಜನರಿಂದಲೇ ಸಮಾಲೋಚನೆ ಕೊಡಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವರ್ಷದೊಳಗೆ ತೀವ್ರ ಖಿನ್ನತೆಗೆ ಜಾರಿದವರು ಆ ಗುಂಪಿನಲ್ಲಿ ಶೇ. 4.4, ಉಳಿದವರಲ್ಲಿ ಶೇ. 14.4. ಅಗತ್ಯ ಎಷ್ಟೆಂಬುದಕ್ಕೆ ಹಿರಿಯರ ಕುರಿತ ರಾಷ್ಟ್ರೀಯ ಸಮೀಕ್ಷೆ ‘ಲಾಸಿ’ಯ ಅಂಕಿಯೇ ಸಾಕು: ಅರವತ್ತು ದಾಟಿದವರಲ್ಲಿ ಶೇ. 8.3 ಮಂದಿಯಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳು ಕಂಡಿವೆ, ವೈದ್ಯರಿಂದ ಪತ್ತೆಯಾದದ್ದು ಶೇ. 0.8ರಷ್ಟು ಮಾತ್ರ.

ನಮ್ಮ ಈ ಭಾಗದಲ್ಲಿ ದಾರಿ ತೋರಿದ್ದು ಮರಾಠಿಗರು. ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಥಾಣೆಯಲ್ಲಿ ಆರಂಭಿಸಿದ ಐಪಿಎಚ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ, ಆಲ್ಬರ್ಟ್ ಎಲ್ಲಿಸರ ವಿವೇಕ ಚಿಕಿತ್ಸೆಯನ್ನು ಮರಾಠಿಯಲ್ಲಿ ಹರಡಿದ ಕಿ. ಮೋ. ಫಡಕೆಯವರ ದುಡಿಮೆ, ಇವುಗಳಿಂದ ಮಾತಿನ ಚಿಕಿತ್ಸೆ ಮರಾಠಿ ಮನೆಮಾತಿಗೆ ಇಳಿಯಿತು. ಕನ್ನಡದಲ್ಲಿ ಡಾ. ಸಿ. ಆರ್. ಚಂದ್ರಶೇಖರ್ ಅವರ ನೂರಾರು ಪುಸ್ತಕಗಳು ಮನೋರೋಗದ ಬಗೆಗಿನ ಭಯವನ್ನು ತೊಡೆದಿವೆ. ಆದರೆ ಇಲ್ಲಿನ ಕನ್ನಡ, ತುಳು ಮಾತಾಡುವ ಹಿರಿಯರು ಈ ಎರಡರ ನಡುವೆ ಉಳಿದಿದ್ದಾರೆ. ಮಾರುಕಟ್ಟೆಗೆ, ರೈಲಿಗೆ ಅವರ ಮರಾಠಿ ಸಾಕು. ಮಗನ ಮೇಲಿನ ಸಿಟ್ಟನ್ನು, ಹೆಂಡತಿಗೆ ಎಂದೂ ಹೇಳದ ಮಾತನ್ನು ಆಡಲು ಸಾಲದು.

ಹಿರಿಯರು ಹೊರಗಿನವರೆದುರು ಮನೆಯ ಗುಟ್ಟು ಬಿಡುವುದಿಲ್ಲ ಎನ್ನುವವರಿದ್ದಾರೆ. ಪಾಲಿನ ಪಂಚಾಯಿತಿಗೆ ಊರ ಹಿರಿಯರನ್ನು ಕೂರಿಸಿದ ಸಮಾಜ ನಮ್ಮದು. ಗುಟ್ಟು ಹೊರಬೀಳದೆಂಬ ಭರವಸೆ ಸಿಕ್ಕರೆ ಜನ ಮಾತಾಡುತ್ತಾರೆ. ಕಾನೂನು ಇದೆಯಲ್ಲ ಎಂಬ ಮಾತೂ ಇದೆ. ತಂದೆ-ತಾಯಿಯರ ಪೋಷಣೆಯ 2007ರ ಕಾಯ್ದೆ ತಿಂಗಳಿಗೆ 10,000 ರೂಪಾಯಿ ಮಿತಿಯ ಜೀವನಾಂಶ ಕೊಡಿಸಬಲ್ಲದು, ಕೊಟ್ಟ ಆಸ್ತಿಯನ್ನು ಕೆಲವು ಸಂದರ್ಭಗಳಲ್ಲಿ ಮರಳಿಸಬಲ್ಲದು. ಹೊಡೆತ, ಬೆದರಿಕೆ, ಆಸ್ತಿ ಕಬಳಿಕೆ ಇರುವಲ್ಲಿ ಮೊದಲು ಬೇಕಾದದ್ದು ಆ ರಕ್ಷಣೆಯೇ. ಅಲ್ಲಿ ರಾಜಿಯ ಒತ್ತಾಯ ಅನ್ಯಾಯ. ಆದರೆ ಅದೇ ಕಾಯ್ದೆ ಸಂಧಾನಾಧಿಕಾರಿಗೆ ಒಂದು ತಿಂಗಳ ಅವಕಾಶವನ್ನೂ ಕೊಟ್ಟಿದೆ. ಆ ತಿಂಗಳನ್ನು ತರಬೇತಿ ಪಡೆದ ಆಪ್ತಸಮಾಲೋಚಕರ ಕೈಗೆ ಕೊಡುವ ವ್ಯವಸ್ಥೆಯನ್ನು ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ.

ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಯ ಕನ್ನಡ ಸಂಘಗಳು ಇದನ್ನು ಕೈಗೆತ್ತಿಕೊಳ್ಳಬೇಕು. ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ದಾದಿಯರಿದ್ದಾರೆ, ಬ್ಯಾಂಕಿನಲ್ಲಿ ದುಡಿದು ಜನರ ಮಾತು ಕೇಳಿ ರೂಢಿಯಿದ್ದವರಿದ್ದಾರೆ. ಅವರಿಗೆ ಮನೋವೈದ್ಯರ ಮೇಲ್ವಿಚಾರಣೆಯಲ್ಲಿ ತರಬೇತಿ ಕೊಡಿಸಿ, ವಾರದಲ್ಲಿ ಒಂದು ದಿನ ಸಂಘದ ಒಂದು ಕೋಣೆಯನ್ನು ಇದಕ್ಕೆ ಮೀಸಲಿಡಿ. ಹಿರಿಯರು ಒಬ್ಬರೇ ಬಂದರೂ ಸರಿ, ಮಗ-ಸೊಸೆಯೊಂದಿಗೆ ಬಂದರೂ ಸರಿ. ಅಲ್ಲಿಯವರೆಗೆ, ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಸಿಗುವ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416ನ್ನಾದರೂ ಸಂಘದ ಫಲಕದ ಮೇಲೆ ಬರೆಯಿಸಿ.