ಐದು ಮೀಟರ್ ಕೇಬಲ್ಲಿನ ಚರಿತ್ರೆ

ಕೊಹಿನೂರ ಎಂದರೆ ಕೇಳಿದವರ ಮನಸ್ಸು ಲಂಡನ್ನಿನ ವಜ್ರದ ಕಡೆಗೆ ಹೋಗುತ್ತದೆ. ನಾನು ಹೇಳುತ್ತಿರುವುದು ಬೀದರ ಜಿಲ್ಲೆ, ಬಸವಕಲ್ಯಾಣ ತಾಲ್ಲೂಕಿನ ಊರು. ಈ ಸೀಮೆಯಲ್ಲಿ ಲೋಕಸಭೆಗೆ ಮತದಾನ ನಡೆದದ್ದು 2019ರಲ್ಲಿ ಏಪ್ರಿಲ್ 23ಕ್ಕೆ, 2024ರಲ್ಲಿ ಮೇ 7ಕ್ಕೆ. ನಡುವೆ 2021ರ ಏಪ್ರಿಲ್ 17ರಂದು ಬಸವಕಲ್ಯಾಣ ವಿಧಾನಸಭಾ ಕ್ಷೇತ್ರದ ಉಪಚುನಾವಣೆ. ಎಲ್ಲವೂ ನೆತ್ತಿ ಸುಡುವ ದಿನಗಳೇ. ಕರೆಂಟು ಇರಲಿ ಬಿಡಲಿ, ಶಾಲೆಯ ಕೋಣೆಯೊಳಗೆ ಮೇಜಿನ ಮೇಲಿಟ್ಟ ಪೆಟ್ಟಿಗೆ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಬೀಪ್ ಎನ್ನುತ್ತಲೇ ಇರುತ್ತದೆ.

ಎಂಬೆಡೆಡ್ ಎಲೆಕ್ಟ್ರಾನಿಕ್ಸ್ ನನ್ನ ಹೊಟ್ಟೆಪಾಡು. ಮೈಕ್ರೊಕಂಟ್ರೋಲರ್, ಸೆನ್ಸರ್, ಕಾರ್ಖಾನೆಯ ಪ್ಯಾನೆಲ್ಲು, ಇವೇ ದಿನದ ಮಾತು. ಹಾಗಾಗಿ ಚುನಾವಣೆ ಬಂದಾಗಲೆಲ್ಲ ಊರಿನ ಕಡೆಯ ಹಿರಿಯರು ಒಂದೇ ಪ್ರಶ್ನೆ ಕೇಳುತ್ತಾರೆ: "ನೀ ಮಷೀನಿನ ಕೆಲಸ ಮಾಡ್ತಿ, ಹೇಳಪಾ. ಒತ್ತಿದ್ದು ಒಬ್ಬರಿಗೆ, ಬಿದ್ದದ್ದು ಇನ್ನೊಬ್ಬರಿಗೆ ಅಂದ್ರ ನಮಗ ಹ್ಯಾಂಗ ಗೊತ್ತಾಗ್ಬೇಕು?" ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳುವವರನ್ನು ನಾನು ನಂಬುವುದಿಲ್ಲ. ಯಂತ್ರ ಹೇಗೆ ಹುಟ್ಟಿತು, ಎಲ್ಲೆಲ್ಲಿ ಎಡವಿತು ಎಂದು ನೋಡಿದರೆ ಉತ್ತರದ ಹತ್ತಿರ ಹೋಗಬಹುದು. ಆ ಕಥೆಯ ದೊಡ್ಡ ಭಾಗ ನಡೆದದ್ದು ನಮ್ಮದೇ ಬೆಂಗಳೂರಿನ ಜಾಲಹಳ್ಳಿಯಲ್ಲಿ.

ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಎಸ್.ಎಲ್. ಶಕ್ಧರ್ 1977ರಲ್ಲಿ ಎಲೆಕ್ಟ್ರಾನಿಕ್ ಮತಯಂತ್ರದ ವಿಚಾರವನ್ನು ಮುಂದಿಟ್ಟರು. ಹೈದರಾಬಾದಿನ ಇಸಿಐಎಲ್ 1979ರಲ್ಲಿ ಮಾದರಿಯೊಂದನ್ನು ಮಾಡಿತು. 1980ರ ಆಗಸ್ಟ್‌ನಲ್ಲಿ ಅದನ್ನು ರಾಜಕೀಯ ಪಕ್ಷಗಳ ಪ್ರತಿನಿಧಿಗಳಿಗೆ ತೋರಿಸಲಾಯಿತು. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, ತನ್ನ ಕಾರ್ಮಿಕ ಸಂಘಗಳ ಚುನಾವಣೆಗೆಂದು ಮೈಕ್ರೊಕಂಪ್ಯೂಟರ್ ಆಧರಿಸಿದ ಉಪಕರಣವೊಂದನ್ನು ಮಾಡಿಕೊಂಡಿತ್ತು. ದೇಶದ ಮತಯಂತ್ರದ ಒಂದು ಬೇರು ಕಾರ್ಮಿಕರ ಯೂನಿಯನ್ ಚುನಾವಣೆಯಲ್ಲಿದೆ ಎನ್ನುವುದು ನನಗೆ ಇಷ್ಟವಾದ ಸಂಗತಿ. ಬಿಇಎಲ್‌ನಲ್ಲಿ ಮತಯಂತ್ರದ ವಿನ್ಯಾಸ ಮತ್ತು ತಯಾರಿಕೆಯ ಉಸ್ತುವಾರಿ ನೋಡಿಕೊಂಡವರಲ್ಲಿ ಪ್ರಮುಖರು ಎಸ್. ರಂಗರಾಜನ್. ತಮಿಳು ಓದುಗರಿಗೆ ಅವರು 'ಸುಜಾತಾ'. ಹೆಂಡತಿಯ ಹೆಸರಿನಲ್ಲಿ ಬರೆದು ಮನೆಮಾತಾದ ಕಾದಂಬರಿಕಾರ, ಯಂತ್ರನಾಯಿಯನ್ನು ಪಾತ್ರವಾಗಿಸಿ ವೈಜ್ಞಾನಿಕ ಕಾದಂಬರಿ ಬರೆದವರು. ಕಲ್ಪನೆಯ ಯಂತ್ರಗಳು ಏನು ಬೇಕಾದರೂ ಮಾಡಬಲ್ಲವು. ಅವರ ನಿಜವಾದ ಯಂತ್ರಕ್ಕೆ ಮಾತ್ರ ಒಂದೇ ಕೆಲಸ: ಎಣಿಸುವುದು.

ಮೊದಲ ಪ್ರಯೋಗ ಕೇರಳದ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ, 1982ರ ಮೇ 19ರಂದು. ಸಿಪಿಐನ ಶಿವನ್ ಪಿಳ್ಳೈ ಯಂತ್ರ ಬೇಡವೆಂದು ಮತದಾನಕ್ಕೆ ಮೊದಲೇ ಕೋರ್ಟಿಗೆ ಹೋಗಿದ್ದರು. ಗೆದ್ದದ್ದು ಅವರೇ, 123 ಮತಗಳಿಂದ. ಈಗ ಯಂತ್ರದ ವಿರುದ್ಧ ಕೋರ್ಟಿಗೆ ಹೋಗುವ ಸರದಿ ಸೋತ ಕಾಂಗ್ರೆಸ್ಸಿನ ಎ.ಸಿ. ಜೋಸ್ ಅವರದ್ದು. 1984ರ ಮಾರ್ಚ್ 5ರಂದು ಸುಪ್ರೀಂ ಕೋರ್ಟ್ ಆ ಮತಗಟ್ಟೆಗಳ ಮತದಾನವನ್ನು ರದ್ದು ಮಾಡಿತು. ಮತಪತ್ರದಲ್ಲಿ ಮರುಮತದಾನ ನಡೆದು ಜೋಸ್ ಗೆದ್ದರು. ಗಮನಿಸಬೇಕಾದದ್ದು, ಯಂತ್ರ ತಪ್ಪು ಎಣಿಸಿತು ಎಂದು ಕೋರ್ಟು ಹೇಳಲಿಲ್ಲ. ಕಾನೂನು ಹೇಳುವ 'ಬ್ಯಾಲೆಟ್' ಎಂಬ ಮಾತಿನೊಳಗೆ ಯಂತ್ರ ಬರುವುದಿಲ್ಲ, ಕಾನೂನು ಇರುವ ಕಡೆ ಅದನ್ನು ದಾಟಿ ಹೋಗಲು ಆಯೋಗಕ್ಕೆ ಅಧಿಕಾರವಿಲ್ಲ ಎಂದಿತು, ಅಷ್ಟೆ. ಬೋರ್ಡು ಸರಿ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ ಎನ್ನುವುದು ನಮ್ಮ ವೃತ್ತಿಯವರಿಗೆ ಇಂದಿಗೂ ಜೀರ್ಣವಾಗದ ಸಂಗತಿ. ಕಾರ್ಖಾನೆಗಳಲ್ಲೂ ಎಷ್ಟೋ ಒಳ್ಳೆಯ ಪ್ಯಾನೆಲ್ಲುಗಳು ಸುರಕ್ಷತಾ ನಿಯಮದ ಒಂದು ಸಾಲಿಗೆ ಹೊಂದದೆ ಮೂಲೆ ಸೇರುತ್ತವೆ.

ಸಂಸತ್ತು 1988ರ ಡಿಸೆಂಬರಿನಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ 61ಎ ಕಲಮು ಸೇರಿಸಿತು. ಅದು 1989ರ ಮಾರ್ಚ್ 15ರಿಂದ ಜಾರಿಗೆ ಬಂತು. 1990ರಲ್ಲಿ ತಜ್ಞರ ಸಮಿತಿಯೊಂದು ಯಂತ್ರ ಪರೀಕ್ಷಿಸಿ ಒಪ್ಪಿಗೆ ಕೊಟ್ಟಿತು. ಆದರೂ 1989-90ರಲ್ಲಿ ತಯಾರಾದ ಯಂತ್ರಗಳು ಮತಗಟ್ಟೆ ಕಂಡದ್ದು 1998ರ ನವೆಂಬರಿನಲ್ಲಿ, ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಗಳ 16 ವಿಧಾನಸಭಾ ಕ್ಷೇತ್ರಗಳಲ್ಲಿ. 2004ರಲ್ಲಿ ಇಡೀ ದೇಶದ ಲೋಕಸಭಾ ಚುನಾವಣೆ ಯಂತ್ರದ ಮೇಲೆಯೇ ನಡೆಯಿತು. ಮೊದಲ ಮಾದರಿಯಿಂದ ಅಲ್ಲಿಯವರೆಗೆ 25 ವರ್ಷ.

ಯಂತ್ರದ ಒಳಗನ್ನು ನೋಡೋಣ. ಎರಡು ಪೆಟ್ಟಿಗೆ. ಅಧಿಕಾರಿಯ ಮೇಜಿನ ಮೇಲೆ ಕಂಟ್ರೋಲ್ ಯೂನಿಟ್ಟು, ಮರೆಯೊಳಗೆ ಬ್ಯಾಲೆಟ್ ಯೂನಿಟ್ಟು. ಇವೆರಡರ ನಡುವೆ ಐದು ಮೀಟರ್ ಕೇಬಲ್. 2013ರ ಮುಂಚೆ ಇಷ್ಟೇ ಇತ್ತು. ಅಧಿಕಾರಿ 'ಬ್ಯಾಲೆಟ್' ಗುಂಡಿ ಒತ್ತಿದರೆ ಅವರ ಕಡೆ ಕೆಂಪು ದೀಪ, ಮತದಾರರ ಕಡೆ ಹಸಿರು ದೀಪ. ಮತದಾರ ನೀಲಿ ಗುಂಡಿ ಒತ್ತಿದರೆ ಅಭ್ಯರ್ಥಿಯ ಹೆಸರಿನ ಪಕ್ಕದಲ್ಲಿ ಕೆಂಪು ದೀಪ ಹೊತ್ತಿ ಬೀಪ್ ಎನ್ನುತ್ತದೆ. ಆಮೇಲೆ ಎಷ್ಟು ಒತ್ತಿದರೂ ಏನೂ ಆಗದು, ಅಧಿಕಾರಿ ಮತ್ತೆ ಗುಂಡಿ ಒತ್ತುವವರೆಗೆ.

ಇದು ಎಷ್ಟು ಒಳ್ಳೆಯ ವಿನ್ಯಾಸ ಎಂದು ತಿಳಿಯಲು ಗುಂಡಿಯ ಸ್ವಭಾವ ಗೊತ್ತಿರಬೇಕು. ಯಾವ ಸ್ವಿಚ್ಚೂ ಒಂದೇ ಸಲಕ್ಕೆ ಸರಿಯಾಗಿ ಕೂಡುವುದಿಲ್ಲ. ಒಳಗಿನ ಲೋಹದ ಎಲೆಗಳು ಕೆಲವು ಮಿಲಿಸೆಕೆಂಡುಗಳ ಕಾಲ ಕುಣಿಯುತ್ತವೆ. ನಮ್ಮ ಬೆರಳಿಗೆ ಒಂದು ಒತ್ತು, ಚಿಪ್ಪಿಗೆ ಹತ್ತು. ಕಾರ್ಖಾನೆಯಲ್ಲಿ ಬಾಟಲಿ ಎಣಿಸುವ ಕೌಂಟರಿನಲ್ಲಿ ಈ ಕುಣಿತವನ್ನು ಸೋಸದಿದ್ದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಸೋಸುವುದು ಪ್ರೋಗ್ರಾಮಿನಲ್ಲಿ ಎರಡು ಸಾಲಿನ ಕೆಲಸ. ಮತಯಂತ್ರದಲ್ಲಿ ಅದರ ಮೇಲೆ ಇನ್ನೊಂದು ಬೀಗವಿದೆ. ಗುಂಡಿ ಹತ್ತು ಸಲ ಕುಣಿದರೂ ಪರವಾನಗಿ ಒಂದೇ ಮತಕ್ಕೆ. ನಾವು ಇದನ್ನು ಇಂಟರ್‌ಲಾಕ್ ಎನ್ನುತ್ತೇವೆ. ಸಕ್ಕರೆ ಕಾರ್ಖಾನೆಯಲ್ಲಿ ಮುಂದಿನ ಕನ್ವೇಯರ್ ಓಡದೆ ಹಿಂದಿನದು ಓಡಬಾರದು, ಓಡಿದರೆ ಕಬ್ಬು ರಾಶಿ ಬಿದ್ದು ಎಲ್ಲ ಕಟ್ಟಿಕೊಳ್ಳುತ್ತದೆ. ಅದೇ ತರ್ಕ ಇಲ್ಲಿಯೂ: 'ಕ್ಲೋಸ್' ಒತ್ತದೆ 'ರಿಸಲ್ಟ್' ಬಾರದು, ಫಲಿತಾಂಶ ನೋಡದೆ 'ಕ್ಲಿಯರ್' ಆಗದು. ಮತಗಟ್ಟೆಗೆ ನುಗ್ಗಿದವರು ಒಂದು ಕಟ್ಟು ಮತಪತ್ರಕ್ಕೆ ನಿಮಿಷದಲ್ಲಿ ಮುದ್ರೆ ಒತ್ತಿ ಪೆಟ್ಟಿಗೆಗೆ ತುರುಕಬಹುದಿತ್ತು. ಈ ಯಂತ್ರದ ಮುಂದೆ ಅವರೂ ಒಂದೊಂದೇ ಮತಕ್ಕೆ ಕಾಯಬೇಕು. ಅಷ್ಟರಲ್ಲಿ ಅಧಿಕಾರಿ 'ಕ್ಲೋಸ್' ಒತ್ತಿದರೆ ಅಲ್ಲಿಗೆ ಮುಗಿಯಿತು.

ಆದರೆ ವಿನ್ಯಾಸಗಾರ ಊಹಿಸಿದ ಮಿತಿಯನ್ನು ಜನ ಗೌರವಿಸುವುದಿಲ್ಲ. ಒಂದು ಬ್ಯಾಲೆಟ್ ಯೂನಿಟ್ಟಿಗೆ 16 ಹೆಸರು, ನಾಲ್ಕು ಜೋಡಿಸಿದರೆ 64. ಸಾಕು ಎಂದುಕೊಂಡಿದ್ದರು. 1996ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ ಗಡಿ ಪ್ರತಿಭಟನೆಯ ಭಾಗವಾಗಿ 456 ಮಂದಿ ಕಣದಲ್ಲಿ ನಿಂತರು! ಅಂದು ಮತಪತ್ರವಿದ್ದುದರಿಂದ ಹೇಗೋ ನಡೆಯಿತು. ಆಮೇಲೆ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದರು. 2019ರಲ್ಲಿ ನಮ್ಮ ನೆರೆಯ ತೆಲಂಗಾಣದ ನಿಜಾಮಾಬಾದಿನಲ್ಲಿ ಅರಿಸಿನ ಮತ್ತು ಜೋಳದ ಬೆಲೆಗಾಗಿ ಹೋರಾಡುತ್ತಿದ್ದ ರೈತರು ನಾಮಪತ್ರ ಹಾಕಿ ಒಟ್ಟು 185 ಅಭ್ಯರ್ಥಿಗಳಾದರು. ಅಷ್ಟರಲ್ಲಿ 24 ಯೂನಿಟ್ಟು ಜೋಡಿಸಬಲ್ಲ ಎಂ3 ಮಾದರಿ ಬಂದಿತ್ತು. ಪ್ರತಿ ಮತಗಟ್ಟೆಯಲ್ಲಿ 12 ಯೂನಿಟ್ಟು ಸಾಲಾಗಿಟ್ಟು ಮತದಾನ ನಡೆಸಿದರು.

ಈಗ ಹಿರಿಯರ ಪ್ರಶ್ನೆಗೆ ಬರೋಣ. 1968-69ರಲ್ಲಿ ಅಮೆರಿಕದಲ್ಲಿ ಮೋಡಿಕಾನ್ ಎಂಬ ಪಿಎಲ್‌ಸಿ ಹುಟ್ಟಿತು. ಕಾರಿನ ಮಾದರಿ ಬದಲಾದಾಗಲೆಲ್ಲ ರಿಲೇಗಳ ವೈರಿಂಗ್ ಕಿತ್ತು ಹಾಕುವ ಬದಲು ಪ್ರೋಗ್ರಾಮು ಬದಲಿಸಿದರೆ ಸಾಕು ಎಂಬುದೇ ಅದರ ಹೆಗ್ಗಳಿಕೆ. ಕಾರ್ಖಾನೆಯ ಯಾಂತ್ರೀಕರಣವೆಲ್ಲ ನಿಂತಿರುವುದು ಈ ಬದಲಿಸುವ ಸ್ವಾತಂತ್ರ್ಯದ ಮೇಲೆ. ಮತಯಂತ್ರ ಇದಕ್ಕೆ ತದ್ವಿರುದ್ಧ. ಅದರ ಪ್ರೋಗ್ರಾಮನ್ನು ಚಿಪ್ಪಿನಲ್ಲಿ ಒಮ್ಮೆ ಮಾತ್ರ ಬರೆಯಬಹುದು. ತಿದ್ದಲು ಬಾರದ ಹಾಗೆ ಮಾಡುವುದೇ ಇಲ್ಲಿ ಜಾಣತನ. ಇಂಟರ್‌ನೆಟ್ಟಿಲ್ಲ, ಬ್ಲೂಟೂತಿಲ್ಲ. ಆದರೆ ಬದಲಿಸಲಾಗದ್ದು ಎಂದ ಮಾತ್ರಕ್ಕೆ ಎಲ್ಲರಿಗೂ ಕಾಣುವಂಥದ್ದಾಗುವುದಿಲ್ಲ. ಒಳಗೆ ಬರೆದದ್ದು ಸರಿಯಾದದ್ದೇ ಎಂದು ಮತದಾರ ಯಾರ ಮಾತನ್ನು ನಂಬಬೇಕು? 2010ರಲ್ಲಿ ಸಂಶೋಧಕರ ತಂಡವೊಂದು ಹಳೆಯ ಮಾದರಿಯ ಯಂತ್ರ ಕೈಗೆ ಸಿಕ್ಕರೆ ಬಿಡಿಭಾಗ ಬದಲಿಸಿ ಫಲಿತಾಂಶ ತಿರುಚಬಹುದು ಎಂದು ತೋರಿಸಿತು. ಯಂತ್ರ ಹಾಗೆ ಕೈಗೆ ಸಿಗುವುದಿಲ್ಲ ಎಂದು ಆಯೋಗ ವಾದಿಸಿತು. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರಲ್ಲೇ ಬೇರೆ ದಾರಿ ಹಿಡಿದಿತ್ತು: ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಪ್ರಜೆಗೂ ಚುನಾವಣೆಯ ಮುಖ್ಯ ಹಂತಗಳನ್ನು ಪರಿಶೀಲಿಸಲು ಆಗಬೇಕು ಎಂದು ಹೇಳಿ ಅಲ್ಲಿ ಬಳಸಿದ್ದ ಯಂತ್ರಗಳನ್ನು ಅಸಾಂವಿಧಾನಿಕ ಎಂದಿತ್ತು. ಜರ್ಮನ್ ನ್ಯಾಯಾಧೀಶರ ಮಾತೂ ನಮ್ಮೂರ ಕಾಕಾನ ಮಾತೂ ಒಂದೇ ಎಂದು ನನಗೆ ಅನ್ನಿಸುತ್ತದೆ.

ಭಾರತದ ಉತ್ತರ ಕಾಗದಕ್ಕೆ ಅರ್ಧ ಹಿಂದಿರುಗಿತು. ವಿವಿಪ್ಯಾಟ್ ಎಂಬ ಮುದ್ರಕ 2013ರ ಸೆಪ್ಟೆಂಬರಿನಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಮೊದಲು ಬಂತು. ಒತ್ತಿದ ಚಿಹ್ನೆ ಗಾಜಿನ ಹಿಂದೆ 7 ಸೆಕೆಂಡು ಕಂಡು ಚೀಟಿ ಕೆಳಗೆ ಬೀಳುತ್ತದೆ. ನಂಬಿಕೆಗೆ ಒಳ್ಳೆಯದು. ಆದರೆ ಮುದ್ರಕ ಎಂದರೆ ಓಡಾಡುವ ಭಾಗ, ಕಾಗದದ ಸುರುಳಿ, ಸಂವೇದಕ. ಓಡಾಡುವ ಭಾಗ ಬಂದ ಕಡೆ ಕೆಡುವ ಭಾಗವೂ ಬಂತು. 2018ರ ಮೇ ತಿಂಗಳಲ್ಲಿ ಕೈರಾನಾ ಮತ್ತು ಭಂಡಾರಾ-ಗೊಂದಿಯಾ ಉಪಚುನಾವಣೆಗಳಲ್ಲಿ ಸಂವೇದಕಗಳ ಮೇಲೆ ಹೆಚ್ಚು ಬೆಳಕು ಬಿದ್ದು ವಿವಿಪ್ಯಾಟ್‌ಗಳು ಕೈಕೊಟ್ಟವು. ಪ್ರಯೋಗಾಲಯದ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಸಂವೇದಕವೂ ಸಾಧುವೇ. ಕಿಟಕಿಯಿಂದ ಮೇ ತಿಂಗಳ ಬಿಸಿಲು ಬೀಳುವ ಶಾಲೆಯ ಕೋಣೆಯಲ್ಲಿ ಅದರ ಗುಣ ಗೊತ್ತಾಗುವುದು. ಬೀದರದ ಬಿಸಿಲು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2019ರಲ್ಲಿ ಸುಪ್ರೀಂ ಕೋರ್ಟ್ ಪ್ರತಿ ವಿಧಾನಸಭಾ ವಿಭಾಗದ ಐದು ಮತಗಟ್ಟೆಗಳ ಚೀಟಿ ಎಣಿಸಬೇಕೆಂದಿತು. 2024ರ ಏಪ್ರಿಲ್ 26ರಂದು ಎಲ್ಲ ಚೀಟಿ ಎಣಿಸಬೇಕೆಂಬ ಕೋರಿಕೆಯನ್ನು ತಿರಸ್ಕರಿಸಿ, ಎರಡನೆಯ ಮತ್ತು ಮೂರನೆಯ ಸ್ಥಾನದವರು ಕೇಳಿದರೆ ಶೇ 5ರಷ್ಟು ಯಂತ್ರಗಳ ಚಿಪ್ಪನ್ನು ಇಂಜಿನಿಯರುಗಳು ಪರೀಕ್ಷಿಸಬಹುದು ಎಂದಿತು. ಚೀಟಿಗಳನ್ನು ಇನ್ನೂ ಹೆಚ್ಚು ಎಣಿಸಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ಎಣಿಕೆ ತಡವಾದರೆ ಆಗಲಿ. ಚಿಪ್ಪಿನ ಪರೀಕ್ಷೆ ಮತ್ತೆ ನನ್ನಂಥವರ ಕೈಗೇ ಹೋಗುತ್ತದೆ, ಕಾಕಾನ ಕಣ್ಣಿಗೆ ಬೀಳುವುದಿಲ್ಲ.

ಅವರಿಗೆ ನಾನು ಹೇಳುವುದು ಇಷ್ಟು: ಮತದಾನ ಶುರುವಾಗುವ ಮುಂಚೆ ಏಜೆಂಟರ ಎದುರಿನಲ್ಲಿ ಕನಿಷ್ಠ 50 ಮತಗಳ ಅಣಕು ಮತದಾನ ನಡೆಯುತ್ತದೆ, ನಿಮ್ಮ ಪಕ್ಷದ ಹುಡುಗನನ್ನು ಬೆಳಿಗ್ಗೆ ಬೇಗ ಕಳಿಸಿ. ಸಂಜೆ ಯಂತ್ರ ಮುಚ್ಚಿದ ಮೇಲೆ ಒಟ್ಟು ಎಷ್ಟು ಮತ ಬಿದ್ದವು ಎಂದು 17ಸಿ ನಮೂನೆಯಲ್ಲಿ ಅಧಿಕಾರಿ ಬರೆದು ಸಹಿ ಮಾಡಿ ಏಜೆಂಟರಿಗೂ ಪ್ರತಿ ಕೊಡುತ್ತಾರೆ. ಅದನ್ನು ಅಂಗಿಯ ಕಿಸೆಯಲ್ಲಿ ಮಡಚಿಟ್ಟು ಮರೆಯಬೇಡಿ. ಎಣಿಕೆಯ ದಿನ ಆ ಯಂತ್ರವನ್ನು ಮೇಜಿಗೆ ತಂದಾಗ, ತೆರೆಯ ಮೇಲೆ ಬರುವ ಅಂಕಿಯನ್ನು ಆ ಹಾಳೆಯ ಅಂಕಿಯೊಂದಿಗೆ ಹೋಲಿಸಿ ನೋಡಲು ನಿಮ್ಮ ಹುಡುಗನಿಗೆ ಹೇಳಿ.